ಮಳೆ–ಬಿಸಿಲಿನ ಟ್ರ್ಯಾಕ್ ಡೇಗೆ ಯಾವ ಹಗುರ ಕಾರು, ಯಾವ ಟೈರ್? ಹಾಸನ–ಚಿಕ್ಕಮಗಳೂರಿನವರಿಗೊಂದು ಹೋಲಿಕೆ

ಟ್ರ್ಯಾಕ್ ಡೇಗೆ, ಅಂದರೆ ರೇಸ್ ಟ್ರ್ಯಾಕಿನಲ್ಲಿ ಕಾರು ಓಡಿಸಿ ನೋಡುವ ದಿನಕ್ಕೆ, ಹೊರಟವರು ಮೊದಲು ಕೇಳುವುದು ಪವರ್ ಎಷ್ಟಿದೆ ಅಂತ. ಇಡೀ ದಿನ ಬಿಸಿಲಿದ್ದರೆ ಆ ಪ್ರಶ್ನೆಗೆ ಅರ್ಥ ಇದೆ. ಆದರೆ ಬೆಳಿಗ್ಗೆ ಒಣ ಟ್ರ್ಯಾಕ್, ಹನ್ನೊಂದಕ್ಕೆ ತುಂತುರು, ಊಟದ ಹೊತ್ತಿಗೆ ಚುರುಕು ಬಿಸಿಲು, ಮೂರೂವರೆಗೆ ಮತ್ತೆ ಜೋರು ಮಳೆ ಅನ್ನೋ ದಿನಕ್ಕೆ ಬೇರೆ ಎರಡು ವಿಷಯ ನೋಡಬೇಕು. ಕಾರು ಜಾರುವ ಮುಂಚೆ ನಿಮಗೆ ಸುಳಿವು ಕೊಡುತ್ತದಾ? ನಾಲ್ಕು ಟೈರ್‌ಗಳಿಗೆ ನೀರನ್ನು ಪಕ್ಕಕ್ಕೆ ತಳ್ಳುವ ಶಕ್ತಿ ಇದೆಯಾ? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಂಥ ದಿನಕ್ಕೆ ಕಾರಿಗಿಂತ ಟೈರ್ ಆಯ್ಕೆ ದೊಡ್ಡದು. ಟೈರನ್ನು ಆ ದಿನದ ಅತಿ ಒದ್ದೆಯ ಸೆಷನ್‌ಗೆ ತಕ್ಕಂತೆ ಆರಿಸಬೇಕು. ಸೆಷನ್ ಅಂದರೆ ಸರದಿಯ ಮೇಲೆ ಟ್ರ್ಯಾಕಿನಲ್ಲಿ ಓಡಿಸಲು ಸಿಗುವ ಹೊತ್ತು.

ಚಿಕ್ಕಮಗಳೂರಿನವರಿಗೆ ಈ ಮಾತು ಹೊಸದೇನಲ್ಲ. ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತುಗಳು ಎಷ್ಟೋ ಸಲ ನಡೆದಿವೆ. ಏಷ್ಯಾ ಪೆಸಿಫಿಕ್ ರ‍್ಯಾಲಿಯೂ ಇಲ್ಲಿಗೆ ಬಂದಿದೆ. ರ‍್ಯಾಲಿ ಚಾಲಕ ಗೌರವ್ ಗಿಲ್ 2013, 2016 ಮತ್ತು 2017ರಲ್ಲಿ ಆ ಚಾಂಪಿಯನ್‌ಶಿಪ್ ಗೆದ್ದ ಕಾಲದಲ್ಲಿ ಬೇಲಿ ಪಕ್ಕ ನಿಂತು ಕಾರು ನೋಡಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ರ‍್ಯಾಲಿ ಕಾರುಗಳನ್ನು ಸಜ್ಜು ಮಾಡುವ ಸರ್ವಿಸ್ ಪಾರ್ಕ್‌ನಲ್ಲಿ ಕಿವಿಗೊಟ್ಟು ನಿಂತವರಿಗೆ ಗೊತ್ತು, ಸ್ಟೇಜ್‌ಗೆ ಹೊರಡುವ ಮುಂಚೆ ಜಾಸ್ತಿ ಚರ್ಚೆ ನಡೆಯುವುದು ಟೈರ್ ಬಗ್ಗೆ. ಟ್ರ್ಯಾಕ್‌ಗೆ ಹೋಗುವಾಗ ಅದೇ ಅಭ್ಯಾಸ ಜೊತೆಗೆ ತೆಗೆದುಕೊಂಡು ಹೋಗಿ.

ಹಗುರ ಅಂದರೆ ಎಷ್ಟು?

ಸಾವಿರ ಕೆ.ಜಿ.ಯ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ತೂಕದ ಕಾರನ್ನು ನಾನಿಲ್ಲಿ ಹಗುರ ಅನ್ನುತ್ತೇನೆ. 1989ರಲ್ಲಿ ಬಂದ ಮೊದಲ ಮಜ್ದಾ ಎಂಎಕ್ಸ್-5 ಸುಮಾರು 950 ಕೆ.ಜಿ. ಇತ್ತು. 1996ರ ಮೊದಲ ಲೋಟಸ್ ಎಲೀಸ್ ಸುಮಾರು 725 ಕೆ.ಜಿ. 1957ರ ಲೋಟಸ್ ಸೆವೆನ್ ಪರಂಪರೆಯಲ್ಲಿ ಇವತ್ತಿಗೂ ತಯಾರಾಗುವ ಕೇಟರ್‌ಹ್ಯಾಮ್ ಸೆವೆನ್ ಅದಕ್ಕಿಂತಲೂ ಕಡಿಮೆ, ಐನೂರರ ಆಸುಪಾಸು. ಇನ್ನು ನಮ್ಮ ಮನೆ ಮುಂದೆ ನಿಂತಿರುವ 2018ರ ಪೆಟ್ರೋಲ್ ಸ್ವಿಫ್ಟ್? ಅದು 900 ಕೆ.ಜಿ. ಒಳಗೇ ಇದೆ. ಜಗತ್ತೆಲ್ಲ ಹಗುರ ಸ್ಪೋರ್ಟ್ಸ್ ಕಾರು ಅಂತ ಕೊಂಡಾಡಿದ ಆ ಮೊದಲ ಎಂಎಕ್ಸ್-5ಗಿಂತ ಕಡಿಮೆ ತೂಕ! ಇದನ್ನು ತುಂಬ ಜನ ಗಮನಿಸುವುದೇ ಇಲ್ಲ. ಸ್ಪೋರ್ಟ್ಸ್ ಕಾರು ಸಿಗುವವರೆಗೆ ಕಾಯುತ್ತೇನೆ ಅಂತ ಸುಮ್ನೆ ಕೂತವರಿಗೆ ನಾನು ಹೇಳುವುದು ಇಷ್ಟೇ, ಹಗುರ ಕಾರು ನಿಮ್ಮ ಅಂಗಳದಲ್ಲೇ ಇರಬಹುದು.

ತೂಕ ಕಡಿಮೆ ಇದ್ದರೆ ಮಳೆಯಲ್ಲಿ ಲಾಭವೂ ಇದೆ, ತೊಂದರೆಯೂ ಇದೆ. ಬ್ರೇಕ್‌ಗೆ ಕೆಲಸ ಕಡಿಮೆ.  ದಿಕ್ಕು ಬದಲಿಸಲು ಸಲೀಸು. ಆದರೆ ತೂಕ ಕಡಿಮೆ ಇದ್ದಷ್ಟೂ ಟೈರ್‌ಗೆ ಬಿಸಿ ಬರುವುದು ನಿಧಾನ. ಒಣ ಟ್ರ್ಯಾಕಿನಲ್ಲೇ ಎರಡು ಮೂರು ಸುತ್ತು ಬೇಕಾಗುವ ಟೈರ್, ತಣ್ಣನೆಯ ನೀರು ಹರಿಯುವಾಗ ಬಿಸಿಯೇ ಆಗದೆ ಉಳಿಯಬಹುದು. ಒದ್ದೆ ಸೆಷನ್ ಮುಗಿಸಿ ಪಿಟ್‌ಗೆ (ಟ್ರ್ಯಾಕ್ ಪಕ್ಕದಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ) ಬಂದ ಕೂಡಲೇ ಅಂಗೈಯನ್ನು ಟ್ರೆಡ್ ಮೇಲೆ, ಅಂದರೆ ಟೈರ್ ನೆಲಕ್ಕೆ ತಾಗುವ ಭಾಗದ ಮೇಲೆ ಇಟ್ಟು ನೋಡಿ. ಭಾರದ ಸೆಡಾನ್‌ನ ಮುಂದಿನ ಟೈರ್ ಬೆಚ್ಚಗಿರುತ್ತದೆ. ಎಲೀಸ್‌ನಂಥ ಕಾರಿನ ಮುಂದಿನ ಟೈರ್ ಮುಟ್ಟಿದರೆ ಅದು ಓಡಿದೆಯಾ ಅನ್ನೋ ಅನುಮಾನ ಬರುವಷ್ಟು ತಣ್ಣಗಿರುತ್ತದೆ. ಆ ತಣ್ಣಗಿನ ರಬ್ಬರ್ ಎಷ್ಟು ಹಿಡಿಯುತ್ತದೋ ಅಷ್ಟೇ ನಿಮ್ಮ ಗ್ರಿಪ್.

ಕಾರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ

ಮೊದಲನೆಯದು ಮನೆಯ ಹ್ಯಾಚ್‌ಬ್ಯಾಕ್. ಎಂಜಿನ್ ಮುಂದೆ, ಓಡಿಸುವ ಚಕ್ರಗಳೂ ಮುಂದೆ, ತೂಕದ ಅರವತ್ತು ಶೇಕಡಕ್ಕೂ ಹೆಚ್ಚು ಪಾಲು ಆ ಚಕ್ರಗಳ ಮೇಲೇ. ಹೀಗಾಗಿ ಒದ್ದೆಯಲ್ಲಿ ಮುಂದಿನ ಟೈರ್ ಬೇಗ ಬಿಸಿಯಾಗುತ್ತದೆ. ಗ್ರಿಪ್ ಮುಗಿದರೆ ಮೊದಲು ಜಾರುವುದು ಮೂಗು. ಸ್ಟೀರಿಂಗ್ ತಿರುಗಿಸಿದರೂ ಕಾರು ಅಗಲಕ್ಕೆ ಹೋಗುತ್ತದೆ. ಆಕ್ಸಿಲರೇಟರ್ ಸ್ವಲ್ಪ ಬಿಟ್ಟರೆ ಮತ್ತೆ ಹಿಡಿಯುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಗುಣ ಇಲ್ಲ. ಅಪಾಯ ಇರುವುದು ಒಂದೇ ಕಡೆ. ವೇಗದ ತಿರುವಿನ ಮಧ್ಯದಲ್ಲಿ ಹೆದರಿ ಒಮ್ಮೆಗೇ ಕಾಲು ತೆಗೆದರೆ ಹಗುರವಾಗಿರುವ ಹಿಂಭಾಗ ತಿರುಗಿಬಿಡುತ್ತದೆ. ಹಿಂದಿನ ಟೈರ್‌ಗಳು ಸವೆದಿದ್ದರೆ ಇನ್ನೂ ಬೇಗ. ಮುಂದಿನ ಜೋಡಿ ಹೊಸದು ಹಾಕಿ ಹಿಂದೆ ಹಳೆಯದನ್ನೇ ಬಿಡುವ ಅಭ್ಯಾಸ ನಮ್ಮ ಕಡೆ ಇದೆ ಅಲ್ವಾ, ಮಳೆಯ ಟ್ರ್ಯಾಕ್‌ಗೆ ಅದು ಬೇಡವೇ ಬೇಡ. ಒಳ್ಳೆಯ ಜೋಡಿ ಹಿಂದೆಯೇ ಇರಲಿ.

ಇನ್ನೊಂದು ದೊಡ್ಡ ಲಾಭ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಾಕಿದಾಗಲೂ ಚಕ್ರ ನಿಂತು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ. ನಮ್ಮಲ್ಲಿ 2019ರ ಏಪ್ರಿಲ್ ನಂತರ ತಯಾರಾದ ಕಾರುಗಳೆಲ್ಲದರಲ್ಲೂ ಇದೆ. 2024ರ ಸ್ವಿಫ್ಟ್‌ನಲ್ಲಿ ಇಎಸ್‌ಪಿ (ಜಾರುವ ಕಾರನ್ನು ತಾನೇ ಹಿಡಿದು ನೇರ ಮಾಡುವ ವ್ಯವಸ್ಥೆ) ಕೂಡ ಎಲ್ಲ ಮಾದರಿಗಳಲ್ಲೂ ಇದೆ. ಇಎಸ್‌ಪಿ ಆಫ್ ಮಾಡಿದರೆ ಮಾತ್ರ ನಿಜವಾದ ಡ್ರೈವಿಂಗ್ ಅಂತ ಹೇಳುವವರ ಮಾತು ಒಣ ದಿನಕ್ಕೆ ಇಟ್ಟುಕೊಳ್ಳಿ. ಮಳೆಯಲ್ಲಿ ಅದು ಆನ್ ಇರಲಿ. ಡ್ಯಾಶ್‌ಬೋರ್ಡ್‌ನಲ್ಲಿ ಆ ದೀಪ ಯಾವ ತಿರುವಿನಲ್ಲಿ ಮಿನುಗುತ್ತದೆ ಅಂತ ನೋಡುತ್ತಾ ಹೋಗಿ. ಎಲ್ಲಿ ನಿಮ್ಮ ಕೈ ಒರಟು, ಎಲ್ಲಿ ಕಾಲು ಒರಟು ಅಂತ ಅದೇ ತೋರಿಸಿಕೊಡುತ್ತದೆ.

ಎರಡನೆಯದು ನಮ್ಮ ಜಿಲ್ಲೆಗಳಲ್ಲೇ ಸಿಗುವ ವಿಶೇಷ. ಶೆಡ್‌ನಲ್ಲಿ ನಿಂತಿರುವ ಹಳೆಯ ರ‍್ಯಾಲಿ ಕಾರು. ಎಸ್ಟೀಮ್, ಬಲೆನೋ, ಸ್ವಿಫ್ಟ್, ರೋಲ್ ಕೇಜ್ (ಕಾರು ಉರುಳಿದರೆ ಕಾಪಾಡುವ ಕೊಳವೆಗಳ ಚೌಕಟ್ಟು) ಹಾಕಿಸಿ, ಒಳಗಿನ ಸೀಟು–ಕಾರ್ಪೆಟ್ ಎಲ್ಲ ಕಿತ್ತು ಹಗುರ ಮಾಡಿದ್ದು. ಒಣ ಟ್ರ್ಯಾಕಿನಲ್ಲಿ ಇದು ವಾಲಾಡುತ್ತದೆ, ಸಮಯ ಹೋಗುತ್ತದೆ. ಆದರೆ ಮಳೆಯಲ್ಲಿ ಅದರ ಮೆತ್ತನೆಯ, ಉದ್ದ ಓಟದ ಸಸ್ಪೆನ್ಷನ್ ಒಂದು ವರ. ಗ್ರಿಪ್ ಕಡಿಮೆ ಇರುವಾಗ ತೂಕ ನಿಧಾನವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕು, ಟೈರ್ ನೆಲ ಬಿಡಬಾರದು. ಸ್ಟಿಫ್ ಮಾಡಿಸಿದ ಕಾರು ಇದನ್ನು ಮಾಡುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಗಟ್ಟಿ ಸ್ಪ್ರಿಂಗ್ ಹಾಕಿಸಿದವರು ಒದ್ದೆಯಲ್ಲಿ ಪರದಾಡುವಾಗ ಹಳೆ ಎಸ್ಟೀಮ್ ಆರಾಮಾಗಿ ಓಡುತ್ತಿರುತ್ತದೆ. ಒಂದು ಶರತ್ತು ಮಾತ್ರ. ಮಣ್ಣಿನ ದಾರಿಯ ಗ್ರಾವೆಲ್ ಟೈರ್ ತೆಗೆದು ರಸ್ತೆಯ ಟೈರ್ ಹಾಕಲೇಬೇಕು. ಆ ದೊಡ್ಡ ಬ್ಲಾಕ್‌ಗಳ ಟೈರ್ ಡಾಂಬರಿನ ಮೇಲೆ ಒಣಗಿದ್ದರೂ ಸರಿ ಹೋಗುವುದಿಲ್ಲ, ಒದ್ದೆಯಾಗಿದ್ದರೂ ಸರಿ ಹೋಗುವುದಿಲ್ಲ. ಇವುಗಳಲ್ಲಿ ಬಹಳಷ್ಟು ಕಾರುಗಳಿಗೆ ಎಬಿಎಸ್ ಇಲ್ಲ ಅನ್ನೋದೂ ನೆನಪಿರಲಿ.

ಮೂರನೆಯದು ಎಂಜಿನ್ ಮುಂದೆ, ಓಡಿಸುವ ಚಕ್ರ ಹಿಂದೆ ಇರುವ ಎರಡು ಸೀಟಿನ ಓಪನ್ ಕಾರು, ಅಂದರೆ ಎಂಎಕ್ಸ್-5 ಜಾತಿ. ಮಜ್ದಾ ನಮ್ಮ ದೇಶದಲ್ಲಿ ಅಂಗಡಿ ತೆರೆದಿಲ್ಲ. ಹಾಗಾಗಿ ಇದು ಇಂಗ್ಲೆಂಡ್, ಜರ್ಮನಿ, ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡುವ ನಮ್ಮೂರವರಿಗೆ ಹೆಚ್ಚು ಉಪಯೋಗದ ಮಾತು. ತೂಕ ಹೆಚ್ಚುಕಮ್ಮಿ ಅರ್ಧ ಮುಂದೆ, ಅರ್ಧ ಹಿಂದೆ. ಜಾರುವಾಗ ನಿಧಾನವಾಗಿ ಜಾರುತ್ತದೆ. ಸೊಂಟದಲ್ಲೇ ಗೊತ್ತಾಗುತ್ತದೆ. ಸ್ಟೀರಿಂಗ್ ಸ್ವಲ್ಪ ಎದುರು ತಿರುಗಿಸಿ ಸರಿಮಾಡಿಕೊಳ್ಳಲು ಸಮಯ ಕೊಡುತ್ತದೆ. ಮಳೆಯಲ್ಲಿ ಡ್ರೈವಿಂಗ್ ಕಲಿಯಬೇಕು ಅನ್ನುವವರಿಗೆ ನನ್ನ ಮೊದಲ ಆಯ್ಕೆ ಇದು. ಬರೀ ಲ್ಯಾಪ್ ಮುಗಿಸಿ ಕ್ಷೇಮವಾಗಿ ಬರಬೇಕು ಅನ್ನುವವರಿಗೆ ಹ್ಯಾಚ್‌ಬ್ಯಾಕ್ ಸಾಕು.

ನಾಲ್ಕನೆಯದು ಎಂಜಿನ್ ಮಧ್ಯದಲ್ಲಿರುವ ಎಲೀಸ್, ಟೊಯೋಟಾ ಎಂಆರ್2 ತರದವು. ಹಿಂದಿನ ಚಕ್ರಗಳ ಮೇಲೆ ತೂಕ ಜಾಸ್ತಿ, ಹಾಗಾಗಿ ತಿರುವು ಬಿಟ್ಟು ಹೊರಬರುವಾಗ ಒದ್ದೆಯಲ್ಲೂ ಚೆನ್ನಾಗಿ ಎಳೆಯುತ್ತದೆ. ಆದರೆ ಮುಂದೆ ತೂಕ ಕಡಿಮೆ. ತಿರುವಿಗೆ ಇಳಿಯುವಾಗ ಮೂಗು ಕಚ್ಚುವುದಿಲ್ಲ. ಹೆದರಿ ಕಾಲು ತೆಗೆದರೆ ಭಾರದ ಹಿಂಭಾಗ ಸುತ್ತು ಹೊಡೆಯುತ್ತದೆ, ಮತ್ತು ಎಂಎಕ್ಸ್-5 ಕೊಡುವ ಸಮಯ ಇದು ಕೊಡುವುದಿಲ್ಲ. ಮೊದಲ ಎಲೀಸ್‌ಗೆ ಎಬಿಎಸ್ ಇರಲಿಲ್ಲ, ಬ್ರೇಕ್‌ಗೆ ಸರ್ವೋ (ಕಾಲಿನ ಒತ್ತನ್ನು ಹೆಚ್ಚಿಸುವ ಸಾಧನ) ಕೂಡ ಇರಲಿಲ್ಲ. ಕಾಲಿಗೆ ಸೂಕ್ಷ್ಮ ಇರುವವರಿಗೆ ಅದ್ಭುತ ಕಾರು. ಮಳೆಯ ಮೊದಲ ಟ್ರ್ಯಾಕ್ ಡೇಗೆ ಬೇಡ. ಲೋಟಸ್ 2023ರಲ್ಲಿ ಅಧಿಕೃತವಾಗಿ ಭಾರತಕ್ಕೆ ಬಂತು. ಆದರೆ ಈಗಿನ ಎಮಿರಾ 1,400 ಕೆ.ಜಿ. ಮೀರುತ್ತದೆ, ಈ ಹೋಲಿಕೆಯ ಗುಂಪಿಗೆ ಸೇರುವುದಿಲ್ಲ.

ಕೊನೆಯದು ಬಾಡಿಗೆಯ ಸಿಂಗಲ್ ಸೀಟರ್, ಅಂದರೆ ಒಬ್ಬರೇ ಕೂರುವ, ಚಕ್ರಗಳು ತೆರೆದಿರುವ ರೇಸ್ ಕಾರು. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಯಲ್ಲಿ ಮಾರುತಿ 800ರ ಎಂಜಿನ್ ಹಾಕಿ ಕಟ್ಟಿದ ಫಾರ್ಮುಲಾ ಮಾರುತಿಯಿಂದ ಶುರುವಾದ ದಾರಿ ಇದು. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ ನಾರಾಯಣ್ ಕಾರ್ತಿಕೇಯನ್ ಕೂಡ ಆ ಕಾರಿನಲ್ಲೇ ರೇಸಿಂಗ್ ಶುರು ಮಾಡಿದ್ದು. ಈಗ ರೇಸಿಂಗ್ ಸ್ಕೂಲ್‌ಗಳಲ್ಲಿ ಫಾರ್ಮುಲಾ ಎಲ್‌ಜಿಬಿ ಕಾರುಗಳು ಸಿಗುತ್ತವೆ. ನಿಮ್ಮ ಕಾರು ಹಾಳಾಗುವ ಭಯ ಇಲ್ಲ, ಟೈರ್ ತಲೆನೋವು ಅವರದ್ದು, ಪಿಟ್‌ನಲ್ಲಿ ತಿದ್ದಿ ಹೇಳಲು ಕೋಚ್ ಇರುತ್ತಾರೆ. ಮಳೆ ಬಂದರೆ ಮಾತ್ರ ಮುಖಕ್ಕೇ ಬಡಿಯುತ್ತದೆ. ವಿಂಡ್‌ಸ್ಕ್ರೀನ್ ಇಲ್ಲ, ವೈಪರ್ ಇಲ್ಲ, ಎದುರಿನ ಕಾರಿನ ತೆರೆದ ಚಕ್ರಗಳು ಎಬ್ಬಿಸುವ ನೀರೆಲ್ಲ ಹೆಲ್ಮೆಟ್ ಗಾಜಿನ ಮೇಲೆ. ಗಾಜಿನ ಒಳಗೆ ಆವಿ ಕೂರದ ಹಾಗೆ ಔಷಧ ಹಚ್ಚಿಕೊಂಡೇ ಹೋಗಿ.

ಟೈರ್: ನಿಜವಾದ ಆಯ್ಕೆ ಇಲ್ಲಿದೆ

ಮೂರು ದಾರಿ ಇವೆ. ಒಳ್ಳೆಯ ರೋಡ್ ಟೈರ್ ಒಂದೇ ಸೆಟ್ ಹಾಕಿ ಇಡೀ ದಿನ ಓಡಿಸುವುದು. ಸೆಮಿ-ಸ್ಲಿಕ್, ಅಂದರೆ ಗೀರುಗಳು ಕಡಿಮೆ ಇರುವ ಟ್ರ್ಯಾಕಿನ ಟೈರ್ ಹಾಕುವುದು. ಇಲ್ಲವೇ ಎರಡು ಸೆಟ್ ಚಕ್ರ ತೆಗೆದುಕೊಂಡು ಹೋಗಿ ಮೋಡ ನೋಡಿ ಬದಲಿಸುವುದು.

ಸೆಮಿ-ಸ್ಲಿಕ್ ಬಗ್ಗೆ ಆಸೆ ಎಲ್ಲರಿಗೂ ಇರುತ್ತದೆ. ಒಣ ಟ್ರ್ಯಾಕಿನಲ್ಲಿ ಅದು ಕೊಡುವ ಹಿಡಿತಕ್ಕೆ ಸಾಟಿ ಇಲ್ಲ, ಒಪ್ಪುತ್ತೇನೆ. ಆದರೆ ಅದರ ರಬ್ಬರ್ ಕೆಲಸ ಮಾಡುವುದು ಬಿಸಿಯಾದಾಗ, ಮತ್ತು ಅದರ ಮೇಲೆ ನೀರು ಹೊರಹೋಗಲು ಕಾಲುವೆಗಳು ಕಡಿಮೆ. ಭಾರದ ಕಾರಿನಲ್ಲಿ ತುಂತುರಿಗೆ ಹೇಗೋ ಬಿಸಿ ಉಳಿಸಿಕೊಳ್ಳಬಹುದು. 800 ಕೆ.ಜಿ. ಕಾರಿನಲ್ಲಿ ತುಂತುರು ಬಿದ್ದ ಒಂದೇ ಸುತ್ತಿನಲ್ಲಿ ತಣ್ಣಗಾಗಿಬಿಡುತ್ತದೆ. ನಿಂತ ನೀರಿನ ಮೇಲೆ ಹೋದರಂತೂ ಮುಗಿಯಿತು.

ನಿಂತ ನೀರಿನಲ್ಲಿ ಟೈರ್ ತೇಲುವುದನ್ನು ಅಕ್ವಾಪ್ಲೇನಿಂಗ್ ಅನ್ನುತ್ತಾರೆ. 1960ರ ದಶಕದಲ್ಲಿ ನಾಸಾದ ಎಂಜಿನಿಯರ್‌ಗಳು ವಿಮಾನದ ಟೈರ್‌ಗಳ ಮೇಲೆ ಪ್ರಯೋಗ ಮಾಡಿ ಒಂದು ಸರಳ ಸೂತ್ರ ಕೊಟ್ಟರು. ಟೈರ್ ತೇಲುವ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಕಿಲೋಮೀಟರ್ ಲೆಕ್ಕದಲ್ಲಿ ಹೇಳುವುದಾದರೆ, ಗೇಜ್ ತೋರಿಸುವ ಒತ್ತಡದ ಅಂಕಿಯಾದ ಪಿಎಸ್‌ಐನ ವರ್ಗಮೂಲವನ್ನು ಸುಮಾರು 16.7ರಿಂದ ಗುಣಿಸಿ. 32 ಪಿಎಸ್‌ಐ ಇದ್ದರೆ ಗಂಟೆಗೆ ಸುಮಾರು 94 ಕಿ.ಮೀ. 20 ಪಿಎಸ್‌ಐಗೆ ಇಳಿಸಿದರೆ ಸುಮಾರು 75 ಕಿ.ಮೀ. ಸವೆದ ಟೈರ್, ಆಳದ ನೀರು ಇದ್ದಾಗಿನ ಲೆಕ್ಕ ಇದು. ಒಳ್ಳೆ ಟ್ರೆಡ್ ಇದ್ದರೆ ಇನ್ನಷ್ಟು ವೇಗದವರೆಗೆ ತಡೆಯುತ್ತದೆ. ಹಗುರ ಸ್ಪೋರ್ಟ್ಸ್ ಕಾರಿನವರು ಒಣ ಟ್ರ್ಯಾಕಿಗೆ ಗಾಳಿ ಕಡಿಮೆ ಇಡುತ್ತಾರೆ, ಅಗಲದ ಟೈರ್ ಹಾಕುತ್ತಾರೆ. ನೀರಿನಲ್ಲಿ ಇವೆರಡೂ ಕೈಕೊಡುತ್ತವೆ. ಅಗಲದ ಟೈರ್ ನೆಲಕ್ಕೆ ತಾಗುವ ಜಾಗ ಅಗಲವಾಗಿ, ಉದ್ದ ಕಡಿಮೆಯಾಗಿ ಇರುತ್ತದೆ. ಜಾಸ್ತಿ ನೀರನ್ನು ಕಡಿಮೆ ಸಮಯದಲ್ಲಿ ಪಕ್ಕಕ್ಕೆ ತಳ್ಳಬೇಕು. ಸ್ವಿಫ್ಟ್‌ನ 185 ಅಗಲದ ಟೈರ್ ತೆಗೆದು 215 ಹಾಕಿಸಿದವರು ಇದನ್ನು ಯೋಚಿಸಲಿ.

ತೇಲುವುದು ಹೇಗೆ ಗೊತ್ತಾಗುತ್ತದೆ? ನೀರಿಗೆ ಇಳಿದ ಕೂಡಲೇ ಚಕ್ರದ ಮೇಲಿನ ತಗಡಿಗೆ ನೀರು ರಪರಪ ಬಡಿಯುವ ಸದ್ದು ಕೇಳುತ್ತದೆ, ಸ್ಟೀರಿಂಗ್ ಸ್ವಲ್ಪ ಎಳೆಯುತ್ತದೆ. ಅಲ್ಲಿಯವರೆಗೆ ಪರವಾಗಿಲ್ಲ. ಆಮೇಲೆ ಸ್ಟೀರಿಂಗ್ ಕೈಯಲ್ಲಿ ಖಾಲಿಯಾದ ಹಾಗೆ ಹಗುರ ಆಗುತ್ತದೆ. ಎಂಜಿನ್ ಮುಂದಿನ ಚಕ್ರಗಳನ್ನು ಓಡಿಸುವ ಕಾರಾದರೆ ಎಂಜಿನ್ ಆರ್‌ಪಿಎಂ ಸುಮ್ನೆ ಏರುತ್ತದೆ. ಆ ಗಳಿಗೆಯಲ್ಲಿ ಬ್ರೇಕ್ ಬೇಡ, ಸ್ಟೀರಿಂಗ್ ತಿರುಗಿಸುವುದೂ ಬೇಡ. ನೇರ ಹಿಡಿದು, ಕಾಲು ನಿಧಾನ ಎತ್ತಿ, ಟೈರ್ ಮತ್ತೆ ನೆಲ ಮುಟ್ಟುವವರೆಗೆ ಕಾಯಬೇಕು. ಹಗುರ ಕಾರಿನ ಪುಣ್ಯ ಏನೆಂದರೆ ವೇಗ ಬೇಗ ಇಳಿಯುತ್ತದೆ.

ಹಾಗಾಗಿ ಒಂದೇ ಸೆಟ್ ಒಯ್ಯುವವರಿಗೆ ನನ್ನ ಮಾತು ಸ್ಪಷ್ಟ. ಒಳ್ಳೆಯ ಕಂಪನಿಯ ಪರ್ಫಾರ್ಮೆನ್ಸ್ ರೋಡ್ ಟೈರ್, ಕಾರಿನ ಜೊತೆ ಬಂದ ಅಗಲ ಅಥವಾ ಒಂದು ಸೈಜ್ ಜಾಸ್ತಿ, ಟ್ರೆಡ್ ಕನಿಷ್ಠ 5 ಮಿ.ಮೀ. ಉಳಿದಿರಬೇಕು. ಕಾನೂನಿನ 1.6 ಮಿ.ಮೀ. ಮಿತಿ ರಸ್ತೆಗೆ ಹೇಳಿದ್ದು. ಟ್ರ್ಯಾಕಿನ ಮಳೆಗೆ ಅದರ ಹತ್ತಿರವೂ ಹೋಗಬಾರದು. ಒಣ ಸೆಷನ್‌ನಲ್ಲಿ ಸೆಮಿ-ಸ್ಲಿಕ್‌ನವರು ನಿಮಗಿಂತ ಮುಂದೆ ಹೋಗುತ್ತಾರೆ. ಹೋಗಲಿ ಬಿಡಿ. ಟ್ರ್ಯಾಕ್ ಡೇನಲ್ಲಿ ಕಪ್ ಕೊಡುವುದಿಲ್ಲ. ಮಳೆ ಬಂದಾಗ ಅವರು ಪಿಟ್‌ನಲ್ಲಿ ಕೂತಿರುತ್ತಾರೆ, ನಿಮಗೆ ಖಾಲಿ ಟ್ರ್ಯಾಕ್ ಸಿಗುತ್ತದೆ. ಡ್ರೈವಿಂಗ್ ಜಾಸ್ತಿ ಕಲಿಸುವುದು ಆ ಖಾಲಿ ಟ್ರ್ಯಾಕಿನ ಇಪ್ಪತ್ತು ನಿಮಿಷ.

ಎರಡು ಸೆಟ್ ಒಯ್ಯುವ ಅನುಕೂಲ ಇದ್ದವರು ಖಂಡಿತ ಒಯ್ಯಿರಿ. ಪಿಕಪ್‌ನಲ್ಲಿ ನಾಲ್ಕು ಚಕ್ರ, ಒಳ್ಳೆಯ ಜ್ಯಾಕ್, ಟಾರ್ಕ್ ರೆಂಚ್, ಜೊತೆಗೊಬ್ಬ ಗೆಳೆಯ ಬೇಕು. ಬದಲಿಸಿದ ಮೇಲೆ ನಟ್‌ಗಳನ್ನು ಮ್ಯಾನುಯಲ್‌ನಲ್ಲಿ ಹೇಳಿದ ಟಾರ್ಕ್‌ಗೆ ಬಿಗಿಸಿ, ಎರಡು ಸುತ್ತು ಹೋಗಿ ಬಂದು ಇನ್ನೊಮ್ಮೆ ನೋಡಬೇಕು. ತಪ್ಪಾಗುವುದು ಸಾಮಾನ್ಯವಾಗಿ ಟ್ರ್ಯಾಕ್ ಒಣಗುತ್ತಿರುವ ಹೊತ್ತಿನಲ್ಲಿ. ಬಿಸಿಲು ಬಂತು ಅಂತ ಅವಸರದಲ್ಲಿ ಸೆಮಿ-ಸ್ಲಿಕ್ ಹಾಕಿ ಹೊರಟರೆ ಕಾರುಗಳು ಓಡುವ ಗೆರೆಯೊಂದೇ ಒಣಗಿರುತ್ತದೆ, ಪಕ್ಕ ಎಲ್ಲ ಒದ್ದೆ. ಓವರ್‌ಟೇಕ್ ಮಾಡಲು ಬಂದವರಿಗೆ ದಾರಿ ಕೊಡಲು ಪಕ್ಕಕ್ಕೆ ಸರಿದರೆ ಜಾರುತ್ತದೆ. ಒಂದು ಸೆಷನ್ ಕಾಯಿರಿ. ಕಣದಲ್ಲಿ ಕಾಫಿ ಹರವಿ ಮೋಡ ನೋಡಿ ಬದುಕಿದವರಿಗೆ ಈ ತಾಳ್ಮೆ ಕಲಿಸಬೇಕಾಗಿಲ್ಲ.

ಊರಲ್ಲಿ ತುಂಬಿಸಿದ ಗಾಳಿ

ನಮ್ಮ ಕಡೆಯವರು ತಪ್ಪದೇ ನೋಡಬೇಕಾದ ವಿಷಯ ಒಂದಿದೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗಿಂತ ಎತ್ತರದಲ್ಲಿದೆ, ಹಾಸನ ಸಾವಿರದ ಹತ್ತಿರ. ನಾವು ಹೋಗುವ ಟ್ರ್ಯಾಕ್‌ಗಳಿರುವ ಊರುಗಳಲ್ಲಿ ಕೊಯಮತ್ತೂರು ನಾನೂರು ಮೀಟರ್ ಚಿಲ್ಲರೆ, ಚೆನ್ನೈ ಕಡಲ ತೀರ. ಕೆಳಗೆ ಇಳಿದಷ್ಟೂ ಹೊರಗಿನ ವಾತಾವರಣದ ಒತ್ತಡ ಏರುತ್ತದೆ, ಗೇಜ್ ತೋರಿಸುವ ಅಂಕಿ ಇಳಿಯುತ್ತದೆ. ಚಿಕ್ಕಮಗಳೂರಿನ ಬಂಕ್‌ನಲ್ಲಿ ಸರಿಯಾಗಿ 32 ಹಾಕಿಸಿದ್ದು, ಬಿಸಿ ಅಷ್ಟೇ ಇದ್ದರೆ, ಕೊಯಮತ್ತೂರಿನಲ್ಲಿ ಸುಮಾರು 31 ತೋರಿಸುತ್ತದೆ. ಚೆನ್ನೈ ಹತ್ತಿರ ಒಂದೂವರೆ ಪಿಎಸ್‌ಐಗೂ ಸ್ವಲ್ಪ ಹೆಚ್ಚೇ ಕಡಿಮೆ. ಇತ್ತ ಬಿಸಿಲು ಏರಿದರೆ ಪ್ರತಿ 10 ಡಿಗ್ರಿಗೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಎರಡೂ ಸೇರಿ ಎಲ್ಲಿಗೆ ನಿಲ್ಲುತ್ತದೆ ಅಂತ ಊಹಿಸಲಾಗದು. ಒಂದು ಒಳ್ಳೆಯ ಗೇಜ್ ಸ್ವಂತಕ್ಕೆ ಇಟ್ಟುಕೊಂಡು, ಬೆಳಿಗ್ಗೆ ಟ್ರ್ಯಾಕಿನಲ್ಲೇ, ಟೈರ್ ತಣ್ಣಗಿರುವಾಗಲೇ ಅಳೆಯಿರಿ.

ಒಣ ಸೆಷನ್‌ನಲ್ಲಿ ಟೈರ್ ಬಿಸಿಯಾಗಿ ನಾಲ್ಕೈದು ಪಿಎಸ್‌ಐ ಏರುತ್ತದೆ. ಅದಕ್ಕೇ ತಣ್ಣಗಿರುವಾಗ ಸ್ವಲ್ಪ ಕಡಿಮೆ ಇಟ್ಟು ಹೊರಡುತ್ತಾರೆ. ಮಳೆಯಲ್ಲಿ ಆ ಏರಿಕೆ ಅರ್ಧವೂ ಆಗುವುದಿಲ್ಲ. ಹಾಗಾಗಿ ಮಳೆ ಶುರುವಾದರೆ ಇಳಿಸಿದ ಗಾಳಿಯನ್ನು ಮತ್ತೆ ತುಂಬಿಸಿ, ಕಂಪನಿ ಹೇಳಿದ ಮಟ್ಟಕ್ಕೆ ಅಥವಾ ಒಂದೆರಡು ಮೇಲಕ್ಕೆ ತನ್ನಿ. ಕಾಲಿನಲ್ಲಿ ತುಳಿಯುವ ಪಂಪ್ ಸಾಕು. ಹಿಂದಿನ ಆ್ಯಂಟಿ-ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಕಂಬಿ) ಬಿಚ್ಚಲು ಬರುವ ಕಾರಾದರೆ ಮಳೆಗೆ ಬಿಚ್ಚಿಡಿ.

ಮಲೆನಾಡಿನ ತೇವಕ್ಕೆ ಸಂಬಂಧಿಸಿದ್ದು ಬ್ರೇಕ್ ಫ್ಲೂಯಿಡ್. ಅದು ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ದರ್ಜೆಯ ಫ್ಲೂಯಿಡ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅನ್ನೋದು ನಿಯಮ. ನೀರು ಹೀರಿಕೊಂಡದ್ದಕ್ಕೆ ಆ ಅಂಕಿ 155. ಮೂಡಿಗೆರೆ, ಸಕಲೇಶಪುರದ ಮಳೆಗಾಲ ಕಂಡ ಕಾರಿನಲ್ಲಿ ಹಳೆಯ ಫ್ಲೂಯಿಡ್ ಇದ್ದರೆ ಒಣ ಸೆಷನ್‌ನಲ್ಲಿ ಅದು ಕುದಿದು ಪೆಡಲ್ ನೆಲಕ್ಕೆ ಹೋಗಬಹುದು. ಹೊರಡುವ ವಾರ ಬದಲಿಸಿ. ಇದರಲ್ಲಿ ಬೇರೆ ಅಭಿಪ್ರಾಯವೇ ಇಲ್ಲ.

ಯಾವ ಟ್ರ್ಯಾಕ್, ಯಾವ ತಿಂಗಳು

ನಮಗೆ ಹತ್ತಿರದ್ದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಸುಮಾರು 2.1 ಕಿ.ಮೀ., ಚಿಕ್ಕದು, ತಿರುವುಗಳು ಒತ್ತೊತ್ತಾಗಿ ಬರುತ್ತವೆ. ಪವರ್ ಇರುವವರಿಗೆ ಓಡಲು ಜಾಗ ಸಾಲುವುದಿಲ್ಲ, ಹಗುರ ಕಾರಿಗೆ ಹೇಳಿ ಮಾಡಿಸಿದ ಹಾಗಿದೆ. ಶ್ರೀಪೆರಂಬುದೂರು ಹತ್ತಿರ ಇರುಂಗಾಟ್ಟುಕೋಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಸುಮಾರು 3.7 ಕಿ.ಮೀ. ಅಲ್ಲಿ ವೇಗದ ತಿರುವುಗಳಿವೆ. ಒಣಗಿದ್ದಾಗ ಅದ್ಭುತ. ಒದ್ದೆಯಲ್ಲಿ ಆ ವೇಗದ ತಿರುವುಗಳೇ ಎಂಜಿನ್ ಮಧ್ಯದ ಕಾರಿನವರಿಗೆ ಕಷ್ಟ. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ 5.125 ಕಿ.ಮೀ. ದೂರವೂ ಹೌದು, ಅದರ ಉದ್ದದ ನೇರ ರಸ್ತೆಯಲ್ಲಿ ಸಣ್ಣ ಎಂಜಿನ್ ಕಾರಿಗೆ ಬೇಜಾರೂ ಹೌದು.

ಹವಾಮಾನದ ಲೆಕ್ಕ ನಮ್ಮೂರಿಗಿಂತ ಬೇರೆ. ಜೂನ್‌ನಿಂದ ಆಗಸ್ಟ್‌ವರೆಗೆ ಸಕಲೇಶಪುರದಲ್ಲಿ ಬಿಡದೆ ಸುರಿಯುವಾಗ ಕೊಯಮತ್ತೂರು ಘಟ್ಟದ ಮರೆಯಲ್ಲಿರುತ್ತದೆ. ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿ, ಅದರ ಜೊತೆ ಬಂದು ಹೋಗುವ ತುಂತುರು, ಮತ್ತೆ ಬಿಸಿಲು. ಇದೇ ಬದಲಾಗುವ ದಿನ. ಒಂದೇ ಸೆಟ್ ರೋಡ್ ಟೈರ್ ಇರುವವರಿಗೆ ಒಳ್ಳೆಯ ಕಾಲ. ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು ಶುರುವಾದರೆ ಕೊಯಮತ್ತೂರಿಗೆ ವರ್ಷದ ಜೋರು ಮಳೆ, ಚೆನ್ನೈಗೆ ಇನ್ನೂ ಜೋರು. ನವೆಂಬರ್‌ನಲ್ಲಿ ಚೆನ್ನೈ ಟ್ರ್ಯಾಕ್ ಬುಕ್ ಮಾಡುವ ಮುಂಚೆ ಮಳೆಗೆ ಸೆಷನ್ ರದ್ದಾದರೆ ದುಡ್ಡು ವಾಪಸ್ ಉಂಟಾ ಅಂತ ಕೇಳಿಕೊಳ್ಳಿ. ಜನವರಿಯಿಂದ ಮಾರ್ಚ್ ಎರಡೂ ಕಡೆ ಹೆಚ್ಚಾಗಿ ಒಣ. ಸೆಮಿ-ಸ್ಲಿಕ್ ಆಸೆ ಆಗ ತೀರಿಸಿಕೊಳ್ಳಿ. ನಮ್ಮಲ್ಲಿ ಕಾಫಿ ಕೊಯ್ಲಿನ ಗಡಿಬಿಡಿ ಇರುವುದೂ ಆಗಲೇ ಅನ್ನೋದು ಬೇರೆ ಮಾತು.

ಘಾಟಿಯಲ್ಲಿ ಅಭ್ಯಾಸ ಮಾಡುತ್ತೇವೆ ಅನ್ನುವವರಿಗೆ ಒಂದು ಮಾತು. ಚಾರ್ಮಾಡಿ, ಶಿರಾಡಿ, ಮುಳ್ಳಯ್ಯನಗಿರಿ ರಸ್ತೆಗಳಲ್ಲಿ ಎದುರಿಂದ ಬಸ್ ಬರುತ್ತದೆ, ದನ ಬರುತ್ತದೆ, ಮಂಜು ಇಳಿಯುತ್ತದೆ. ಅಲ್ಲಿ ವೇಗ ಬೇಡ. ಟ್ರ್ಯಾಕ್ ಇರುವುದು ಅದಕ್ಕೇ.

ಟ್ರ್ಯಾಕ್ ಒದ್ದೆಯಾದ ಮೇಲೆ

ಒಣ ದಿನದಲ್ಲಿ ಎಲ್ಲರೂ ಓಡುವ ಗೆರೆಯ ಮೇಲೆ ರಬ್ಬರ್ ಅಂಟಿರುತ್ತದೆ. ಮಳೆ ಬಿದ್ದರೆ ಅದೇ ಗೆರೆ ಎಲ್ಲಕ್ಕಿಂತ ಜಾರುತ್ತದೆ. ಬಹಳ ದಿನ ಒಣಗಿ ಮೊದಲ ಹನಿ ಬಿದ್ದ ಹತ್ತು ನಿಮಿಷವಂತೂ ಎಣ್ಣೆ, ಧೂಳು, ರಬ್ಬರ್ ಎಲ್ಲ ಸೇರಿ ಕೆಸರಿಗಿಂತ ಕಷ್ಟ. ಒಂದು ಕಾರಿನ ಅಗಲ ಹೊರಗೆ ಸರಿದು ಒರಟು ಡಾಂಬರಿನ ಮೇಲೆ ಬ್ರೇಕ್ ಹಾಕಿ. ತಿರುವಿಗೆ ತಡವಾಗಿ ಇಳಿಯಿರಿ, ಕಾರು ನೇರವಾದ ಮೇಲೆ ಪವರ್ ಕೊಡಿ. ತಿರುವಿನ ಅಂಚಿನಲ್ಲಿರುವ ಬಣ್ಣ ಬಳಿದ ಕರ್ಬ್ ಮೇಲೆ ಚಕ್ರ ಇಡಬೇಡಿ. ಗ್ರಿಪ್ ಮೂರನೇ ಒಂದು ಪಾಲು ಕಡಿಮೆಯಾದರೆ ನಿಲ್ಲಲು ಬೇಕಾದ ದೂರ ಒಂದೂವರೆ ಪಟ್ಟಾಗುತ್ತದೆ. ಒಣ ದಿನದ ಬ್ರೇಕ್ ಗುರುತನ್ನು ಮರೆತುಬಿಡಿ. ಎಬಿಎಸ್ ಇಲ್ಲದ ಕಾರಿನವರು ಪೆಡಲನ್ನು ನಿಧಾನ ಒತ್ತಿ, ಮುಂದಿನ ಚಕ್ರ ನಿಂತ ಸುಳಿವು ಸಿಕ್ಕ ಕೂಡಲೇ ಸ್ವಲ್ಪ ಬಿಡಬೇಕು.

ಒಣಗುವ ಹೊತ್ತಿಗೆ ಲೆಕ್ಕ ತಿರುಗುತ್ತದೆ. ಕಾರುಗಳು ಓಡಿದ ಗೆರೆ ಮೊದಲು ಒಣಗುತ್ತದೆ. ಅದರ ಮೇಲೆ ಇರಿ, ಒದ್ದೆ ಪಟ್ಟಿ ದಾಟುವಾಗ ಸ್ಟೀರಿಂಗ್ ನೇರ ಇರಲಿ.

ಫ್ಲ್ಯಾಗ್‌ಗಳಲ್ಲಿ ಹಳದಿ–ಕೆಂಪು ಪಟ್ಟೆಯದು ಮುಂದೆ ಜಾರುತ್ತದೆ ಅಂತ ಹೇಳುವುದು. ಕೆಂಪು ಕಂಡರೆ ವೇಗ ಇಳಿಸಿ ಪಿಟ್‌ಗೆ ಬರಬೇಕು. ವಿಂಡ್‌ಸ್ಕ್ರೀನ್ ಒಳಗೆ ಆವಿ ಕೂತರೆ ಎಸಿ ಆನ್ ಮಾಡಿ, ಪವರ್ ಹೋಗುತ್ತದೆ ಅಂತ ಲೆಕ್ಕ ಹಾಕಬೇಡಿ. ಟೋ ಹುಕ್ (ಕಾರನ್ನು ಎಳೆಯಲು ಕೊಕ್ಕೆ) ಮುಂಚೆಯೇ ಹಾಕಿಟ್ಟಿರಿ. ನಿಮ್ಮ ಇನ್ಶೂರೆನ್ಸ್ ಪಾಲಿಸಿಯನ್ನೂ ಒಮ್ಮೆ ಓದಿ. ನಮ್ಮ ದೇಶದ ಸಾಮಾನ್ಯ ಮೋಟಾರ್ ಪಾಲಿಸಿಗಳು ರೇಸಿಂಗ್, ಸ್ಪೀಡ್ ಟೆಸ್ಟಿಂಗ್‌ಗೆ ಪರಿಹಾರ ಕೊಡುವುದಿಲ್ಲ. ಟ್ರ್ಯಾಕಿನಲ್ಲಿ ಆದ ಹಾನಿ ನಿಮ್ಮ ಜೇಬಿನದ್ದೇ ಅಂತ ತಿಳಿದುಕೊಂಡು, ಕಳೆದುಕೊಂಡರೆ ತಾಳಿಕೊಳ್ಳಬಹುದಾದ ಕಾರನ್ನೇ ಒಯ್ಯಿರಿ. ಇದೂ ಹಳೆಯ ಹ್ಯಾಚ್‌ಬ್ಯಾಕ್ ಪರವಾಗಿಯೇ ನಿಲ್ಲುವ ಕಾರಣ.

ಕೊನೆಯ ಸೆಷನ್ ಮುಗಿದ ಮೇಲೆ ಒಂದು ಸುತ್ತು ನಿಧಾನ ಹೋಗಿ ಬ್ರೇಕ್ ತಣ್ಣಗಾಗಲು ಬಿಡಿ. ಪಾರ್ಕ್ ಮಾಡುವಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರ್‌ನಲ್ಲಿ ಬಿಡಿ. ಅದೇ ಕಾರಿನಲ್ಲಿ ಊರಿಗೆ ವಾಪಸ್ ಬರುವವರು ಟೈರ್ ಗಾಳಿ ರಸ್ತೆಯ ಮಟ್ಟಕ್ಕೆ ತಂದು, ನಟ್ ಬಿಗಿ ನೋಡಿ, ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ಅಂತ ಟಾರ್ಚ್ ಹಾಕಿ ನೋಡಿ ಹೊರಡಿ. ಸತ್ಯಮಂಗಲದ ಮೇಲೆ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ, ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಬಂಡೀಪುರದ ದಾರಿಯೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಸಂಜೆ ತಡವಾಗಿದ್ದರೆ ಕೊಯಮತ್ತೂರಿನಲ್ಲೇ ಉಳಿದು ಬೆಳಿಗ್ಗೆ ಹೊರಡುವುದು ಸರಿ.